ಗಲಾಟೆ ಇಲ್ಲದ ಹೊತ್ತಿನಲ್ಲಿ: ಐದೂವರೆ ವರ್ಷದ ಹುಡುಗನೊಬ್ಬನ ಪ್ರಕರಣ

ಇಲ್ಲಿ ಬರುವ ಹುಡುಗನನ್ನು ಸುಮಂತ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯವರ ಉದ್ಯೋಗ, ಗುರುತು ಹಿಡಿಯಬಹುದಾದ ಇತರ ವಿವರಗಳು ಎಲ್ಲವನ್ನೂ ಬದಲಿಸಿದ್ದೇನೆ. ಲಕ್ಷಣಗಳು ಕಾಣಿಸಿಕೊಂಡ ಬಗೆ, ನಾವು ಮಾಡಿದ ತೀರ್ಮಾನಗಳು ಮತ್ತು ಅವುಗಳ ಬಗ್ಗೆ ನಮ್ಮ ತಂಡದೊಳಗೇ ಇದ್ದ ಭಿನ್ನಾಭಿಪ್ರಾಯ ಮಾತ್ರ ಇದ್ದ ಹಾಗೇ ಇವೆ. ಚಿಕ್ಕ ಮಕ್ಕಳಲ್ಲಿ ಮನಸ್ಥಿತಿಯ ಕಾಯಿಲೆಗಳನ್ನು ಗುರುತಿಸುವುದು ಅಷ್ಟೇಕೆ ಕಷ್ಟ ಎಂದು ಮಕ್ಕಳ ವೈದ್ಯರೋ ಶಿಕ್ಷಕರೋ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಪ್ರಕರಣ.

ಹಿನ್ನೆಲೆ

ಸುಮಂತ ನಮ್ಮ ಮನೋವೈದ್ಯ ವಿಭಾಗಕ್ಕೆ ಬಂದಾಗ ಅವನಿಗೆ ಐದೂವರೆ ವರ್ಷ, ಯುಕೆಜಿಯಲ್ಲಿದ್ದ. ಮಧ್ಯ ಕರ್ನಾಟಕದ ತಾಲ್ಲೂಕು ಪಟ್ಟಣವೊಂದರ ಕುಟುಂಬ. ತಂದೆಗೆ ಹಾರ್ಡ್‌ವೇರ್ ಅಂಗಡಿ, ತಾಯಿ ಸಹಕಾರಿ ಬ್ಯಾಂಕಿನ ನೌಕರೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದವರು ಅಜ್ಜಿ, ಅಂದರೆ ತಂದೆಯ ತಾಯಿ. ಹೆರಿಗೆಯಲ್ಲಿ ತೊಡಕಿರಲಿಲ್ಲ, ಮಾತು, ನಡಿಗೆ ಎಲ್ಲವೂ ವಯಸ್ಸಿಗೆ ಸರಿಯಾಗಿ ಬಂದಿದ್ದವು. ಚಳಿಗಾಲದಲ್ಲಿ ಉಬ್ಬಸ ಕಾಣಿಸಿಕೊಳ್ಳುತ್ತಿತ್ತು ಎಂಬುದನ್ನು ಬಿಟ್ಟರೆ ಆರೋಗ್ಯವಂತ ಹುಡುಗ.

ಕರೆದುಕೊಂಡು ಬಂದದ್ದು ಸಿಟ್ಟಿನ ಕಾರಣಕ್ಕೆ. ವಾರಕ್ಕೆ ನಾಲ್ಕೈದು ಬಾರಿ, ಒಮ್ಮೆ ಶುರುವಾದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕೂಗಾಟ, ಕಚ್ಚುವುದು, ಕೈಗೆ ಸಿಕ್ಕಿದ್ದನ್ನು ಎಸೆಯುವುದು. ಟಿವಿಯ ಪರದೆ ಒಡೆದಿತ್ತು. ತಾಯಿಯ ಮುಂಗೈಯಲ್ಲಿ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. ಶಾಲೆಯಲ್ಲೂ ಎರಡು ಬಾರಿ ಪಕ್ಕದ ಹುಡುಗನಿಗೆ ಹೊಡೆದಿದ್ದ.

ಸಿಟ್ಟಿಗಿಂತ ಮನೆಯವರನ್ನು ಹೆದರಿಸಿದ್ದು ಬೇರೆಯದೇ ಒಂದು. ಕೆಲವು ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಹುಡುಗ ಇದ್ದಕ್ಕಿದ್ದಂತೆ ಎದ್ದು ನಡುಮನೆಯ ತುಂಬ ಓಡುತ್ತಿದ್ದ, ಗಂಟಲು ಬಿರಿಯುವಂತೆ ಹಾಡುತ್ತಿದ್ದ, ಸೋಫಾದ ಮೇಲೆ ನಿಂತು ಕೈ ಎತ್ತಿ "ಈ ಸಲ ನಾನೇ ಎಮ್ಮೆಲ್ಲೆ, ಎಲ್ಲರಿಗೂ ಮನೆ ಕಟ್ಟಿಸಿ ಕೊಡುತ್ತೇನೆ" ಎಂದು ಭಾಷಣ ಮಾಡುತ್ತಿದ್ದ. ನಕ್ಕರೆ ನಗು ನಿಲ್ಲುತ್ತಿರಲಿಲ್ಲ. ಮಲಗುವಷ್ಟರಲ್ಲಿ ನಡುರಾತ್ರಿ. ಇದನ್ನು ಹೇಳುವಾಗ ತಂದೆ ದನಿ ತಗ್ಗಿಸಿದರು: "ನನ್ನ ತಮ್ಮನಿಗೂ ಹೀಗೇ ಆಗುತ್ತದೆ, ಡಾಕ್ಟರ್. ಅವನಿಗೆ ಬೈಪೋಲಾರ್. ಲಿಥಿಯಂ ತೆಗೆದುಕೊಳ್ಳುತ್ತಾನೆ." (ಬೈಪೋಲಾರ್ ಎಂದರೆ ಉನ್ಮಾದದ, ಅಂದರೆ ಮಿತಿಮೀರಿದ ಉತ್ಸಾಹದ ಅವಧಿಗಳೂ ಖಿನ್ನತೆಯ ಅವಧಿಗಳೂ ಬಂದುಹೋಗುವ ಕಾಯಿಲೆ; ಲಿಥಿಯಂ ಅದಕ್ಕೆ ಕೊಡುವ ಔಷಧಿ.)

ನಮ್ಮಲ್ಲಿಗೆ ಬರುವ ಮೊದಲು ಅವರು ಇಬ್ಬರು ವೈದ್ಯರನ್ನು ಕಂಡಿದ್ದರು. ಮೊದಲನೆಯವರ ಚೀಟಿಯಲ್ಲಿ ಬೈಪೋಲಾರ್ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲಾಗಿತ್ತು. ಎರಡನೆಯವರು ಹಳೆಯ ಚೀಟಿ ನೋಡಿ ಅದನ್ನೇ ನಕಲು ಮಾಡಿಕೊಂಡಿದ್ದರು, ಚಿಹ್ನೆ ಬಿಟ್ಟುಹೋಗಿತ್ತು. ಆ ಹೊತ್ತಿಗೆ ಹುಡುಗ ನಾಲ್ಕು ತಿಂಗಳಿಂದ ಸೋಡಿಯಂ ವಾಲ್ಪ್ರೊಯೇಟ್ (ಫಿಟ್ಸ್‌ಗೂ ಉನ್ಮಾದಕ್ಕೂ ಕೊಡುವ ಔಷಧಿ) ಮತ್ತು ಕಡಿಮೆ ಪ್ರಮಾಣದ ರಿಸ್ಪೆರಿಡೋನ್ (ಉದ್ರೇಕ ತಗ್ಗಿಸುವ ಔಷಧಿ) ಮೇಲಿದ್ದ. ಕಚ್ಚುವುದು ಸ್ವಲ್ಪ ಕಡಿಮೆಯಾಗಿತ್ತು, ತೂಕ ಮೂರೂವರೆ ಕೆ.ಜಿ. ಏರಿತ್ತು, ತರಗತಿಯಲ್ಲಿ ತೂಕಡಿಸುತ್ತಿದ್ದ. ಶಾಲೆಯವರು ಗಮನದ ಕೊರತೆ ಇರಬಹುದು, ಎಡಿಎಚ್‌ಡಿ ಪರೀಕ್ಷೆ ಮಾಡಿಸಿ ಎಂದು ಡೈರಿಯಲ್ಲಿ ಬರೆದು ಕಳಿಸಿದ್ದರು. ಅಜ್ಜಿ ತಾಯತ ಕಟ್ಟಿಸಿದ್ದರು.

ಮೊದಲ ವೈದ್ಯರ ಅನುಮಾನಕ್ಕೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಹತ್ತಿರದ ರಕ್ತಸಂಬಂಧಿಗೆ ಕಾಯಿಲೆ, ರಾತ್ರಿಯ ಉತ್ಸಾಹ, ದೊಡ್ಡಸ್ತಿಕೆಯ ಮಾತು, ಕಡಿಮೆ ನಿದ್ದೆ, ಕೆರಳುವ ಸ್ವಭಾವ: ಪಟ್ಟಿ ಮಾಡಿದರೆ ಉನ್ಮಾದದ ಅರ್ಧ ಪಠ್ಯ ಅಲ್ಲೇ ಇದೆ. ತೊಂದರೆ ಏನೆಂದರೆ, ಈ ವಯಸ್ಸಿನ ಮಕ್ಕಳಲ್ಲಿ ಬೇರೆ ಬೇರೆ ಕಾಯಿಲೆಗಳ ಪಟ್ಟಿಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಕೆಲವೊಮ್ಮೆ ಕಾಯಿಲೆಯೇ ಇಲ್ಲದ ಮಕ್ಕಳದೂ.

ಹೆಸರುಗಳ ಇತಿಹಾಸ

ಈ ಗೊಂದಲಕ್ಕೆ ಒಂದು ಹಿಂದಿನ ಕಥೆಯಿದೆ. 1990ರ ದಶಕದ ನಡುವಿನಲ್ಲಿ ಅಮೆರಿಕದ ಕೆಲವು ಪ್ರಭಾವಿ ಮನೋವೈದ್ಯರು, ಮಕ್ಕಳಲ್ಲಿ ಉನ್ಮಾದ ದೊಡ್ಡವರಂತೆ ಬಿಡಿಬಿಡಿ ಅವಧಿಗಳಾಗಿ ಬರದೆ ಸದಾ ಇರುವ ಉಗ್ರ ಕಿರಿಕಿರಿಯಾಗಿಯೇ ಕಾಣಬಹುದು ಎಂದು ವಾದಿಸಿದರು. ಪರಿಣಾಮ ಬೇಗ ಕಂಡಿತು. 1994-95 ಮತ್ತು 2002-03ರ ನಡುವೆ ಅಲ್ಲಿ 20 ವರ್ಷದೊಳಗಿನವರ ಹೊರರೋಗಿ ಭೇಟಿಗಳಲ್ಲಿ ಬೈಪೋಲಾರ್ ಎಂದು ದಾಖಲಾದವು ಸುಮಾರು 40 ಪಟ್ಟು ಏರಿದವು. ಒಂದು ದಶಕದೊಳಗೆ ಮಕ್ಕಳ ಮಿದುಳು ಅಷ್ಟು ಬದಲಾಗಿರಲು ಸಾಧ್ಯವಿಲ್ಲ; ಬದಲಾದದ್ದು ಬರೆಯುವ ಕೈ.

ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಎಲೆನ್ ಲೈಬೆನ್‌ಲುಫ್ಟ್ ಮತ್ತು ಸಂಗಡಿಗರು ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಸದಾ ಸಿಡಿಮಿಡಿಗೊಳ್ಳುವ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಉನ್ಮಾದಕ್ಕೆ ಹೋಗಲಿಲ್ಲ; ಖಿನ್ನತೆಯ ಕಡೆ, ಆತಂಕದ ಕಡೆ ಹೋದರು. 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿ, ಈ ಮಕ್ಕಳಿಗೆಂದೇ ಡಿಎಂಡಿಡಿ (ಸದಾ ಕೆರಳಿಕೆ, ಸಿಟ್ಟಿನ ಸ್ಫೋಟಗಳ ಕಾಯಿಲೆ) ಎಂಬ ಹೊಸ ಗುಂಪನ್ನು ಖಿನ್ನತೆಯ ಅಧ್ಯಾಯದೊಳಗೆ ಸೇರಿಸಿತು. ವಾರಕ್ಕೆ ಸರಾಸರಿ ಮೂರು ಅಥವಾ ಹೆಚ್ಚು ಸ್ಫೋಟ, ಅವುಗಳ ನಡುವೆಯೂ ಬಹುಪಾಲು ಹೊತ್ತು ಸಿಟ್ಟಿನ ಮುಖ, ಹನ್ನೆರಡು ತಿಂಗಳ ಅವಧಿ, ಕನಿಷ್ಠ ಎರಡು ಜಾಗಗಳಲ್ಲಿ ಕಾಣಬೇಕು. ಆರು ವರ್ಷ ತುಂಬುವ ಮೊದಲು ಈ ಹೆಸರು ಬರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣವಾದ ಐಸಿಡಿ-11 ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಒಪ್ಪಲಿಲ್ಲ. ಎದುರಿಸಿ ನಿಲ್ಲುವ ಸ್ವಭಾವದ ಕಾಯಿಲೆಯ ಒಂದು ಬಗೆಯಾಗಿ ಇಟ್ಟಿತು. ಅಂದರೆ ಒಂದೇ ಮಗುವನ್ನು ಒಂದು ಪುಸ್ತಕ ಮನಸ್ಥಿತಿಯ ಅಧ್ಯಾಯದಲ್ಲಿ ಕೂರಿಸುತ್ತದೆ, ಇನ್ನೊಂದು ವರ್ತನೆಯ ಅಧ್ಯಾಯದಲ್ಲಿ.

ಸುಮಂತನ ವಿಷಯದಲ್ಲಿ ನಮ್ಮ ಮುಂದೆ ಐದು ಹೆಸರುಗಳಿದ್ದವು: ಬೈಪೋಲಾರ್, ಎಡಿಎಚ್‌ಡಿ, ಡಿಎಂಡಿಡಿ, ಖಿನ್ನತೆ ಮತ್ತು ಮುಂದೆ ಹೇಳಲಿರುವ ಐದನೆಯದು. ದೇಹದ ಕಾರಣಗಳನ್ನು ಮೊದಲು ಪಕ್ಕಕ್ಕಿಡಬೇಕಿತ್ತು. ರಕ್ತಹೀನತೆ ಇರಲಿಲ್ಲ, ಥೈರಾಯ್ಡ್ ಸರಿಯಿತ್ತು, ಕಿವಿ ಕೇಳುತ್ತಿತ್ತು, ಗೊರಕೆಯಾಗಲಿ ಫಿಟ್ಸ್ ಆಗಲಿ ಇರಲಿಲ್ಲ. ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದಿದ್ದೆವು. ಆ ಚೀಲದಲ್ಲಿ "ಕೆಮ್ಮಿನ ಸಿರಪ್" ಎಂದು ಯಾರೂ ಔಷಧಿಯ ಲೆಕ್ಕಕ್ಕೇ ಹಿಡಿಯದಿದ್ದ ಒಂದು ಬಾಟಲಿ ಇತ್ತು: ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್ ಇರುವ ಸಿರಪ್, ಚಳಿಗಾಲ ಮುಗಿದರೂ ಪ್ರತಿ ರಾತ್ರಿ ಒಂದು ಚಮಚ. ಕೆಲವು ಮಕ್ಕಳಲ್ಲಿ ಈ ಔಷಧಿ ಕೆಟ್ಟ ಕನಸು, ಚಡಪಡಿಕೆ, ಸಿಟ್ಟು, ಮನಸ್ಸು ಕುಗ್ಗುವಿಕೆ ತರಬಲ್ಲದು. 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ಆಡಳಿತ ಇದಕ್ಕೆ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಮಕ್ಕಳ ವೈದ್ಯರೊಂದಿಗೆ ಮಾತನಾಡಿ ಅದನ್ನು ನಿಲ್ಲಿಸಿ ಉಬ್ಬಸಕ್ಕೆ ಬೇರೆ ವ್ಯವಸ್ಥೆ ಮಾಡಿದೆವು. ರಾತ್ರಿ ಚೀರಿ ಏಳುವುದು ಕಡಿಮೆಯಾಯಿತು. ಉಳಿದದ್ದೆಲ್ಲ ಹಾಗೇ ಇತ್ತು.

ಕೇಳಬೇಕಾದ ಪ್ರಶ್ನೆ

ಮೊದಲ ಭೇಟಿಯಲ್ಲಿ ನಾವು ಮನೋವೈದ್ಯಕೀಯ ಔಷಧಿಗಳನ್ನು ಮುಟ್ಟಲಿಲ್ಲ, ಹೊಸ ಹೆಸರನ್ನೂ ಬರೆಯಲಿಲ್ಲ. ತಂದೆಗೆ ಇದು ಹಿಡಿಸಲಿಲ್ಲ. ಮೂರನೆಯ ವೈದ್ಯರ ಬಳಿಗೆ ಬಂದವರು ಖಚಿತ ಉತ್ತರಕ್ಕಾಗಿ ಬಂದಿರುತ್ತಾರೆ. ಕಾದು ನೋಡೋಣ ಎಂದರೆ ಗೊತ್ತಿಲ್ಲ ಎಂದೇ ಕೇಳಿಸುತ್ತದೆ. ಅವರ ಸಿಟ್ಟು ನ್ಯಾಯವಾದದ್ದೇ.

ಸಿಟ್ಟಿನ ಬಗ್ಗೆ ಕುಟುಂಬಗಳು ಗಂಟೆಗಟ್ಟಲೆ ಹೇಳುತ್ತವೆ. ಕೇಳಬೇಕಾದದ್ದು ಇನ್ನೊಂದು: ಸಿಟ್ಟಿಲ್ಲದಾಗ ಮಗು ಹೇಗಿರುತ್ತದೆ? ಬೈಪೋಲಾರ್ ಆದರೆ ಎರಡು ಅವಧಿಗಳ ನಡುವೆ ತನ್ನ ಹಳೆಯ ಸ್ವಭಾವಕ್ಕೆ ಮರಳಬೇಕು. ಡಿಎಂಡಿಡಿ ಆದರೆ ನಡುವಿನ ಹೊತ್ತೂ ಕೆರಳಿಕೆಯೇ. ಎಡಿಎಚ್‌ಡಿ ಮಾತ್ರವಾದರೆ, ಬಯಸಿದ್ದು ಸಿಕ್ಕ ಕೂಡಲೇ ಮಗು ನಗುತ್ತದೆ. ಖಿನ್ನತೆಯಾದರೆ, ಬಯಸುವುದೇ ಕಡಿಮೆಯಾಗಿರುತ್ತದೆ.

ತಾಯಿಯನ್ನು ಕೇಳಿದೆವು. "ಸುಮ್ಮನೆ ಇರುತ್ತಾನೆ, ಡಾಕ್ಟರ್. ಆಗ ಏನೂ ತೊಂದರೆ ಕೊಡುವುದಿಲ್ಲ. ನಮಗೂ ಸ್ವಲ್ಪ ಉಸಿರು ಬಂದಂತಾಗುತ್ತದೆ" ಎಂದರು.

ಅಲ್ಲಿಯವರೆಗೆ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಬಾಯಿ ಬಿಟ್ಟರು. "ಸುಮ್ಮನೆ ಅಂದರೆ ಎಂಥ ಸುಮ್ಮನೆ? ದೀಪಾವಳಿಗೆ ತಂದ ಪಟಾಕಿ ಡಬ್ಬಿ ಇನ್ನೂ ಅಟ್ಟದ ಮೇಲಿದೆ. ಒಂದು ಸುರುಸುರು ಬತ್ತಿ ಸಹ ಹಚ್ಚಲಿಲ್ಲ. ಹಿಂದಿನ ವರ್ಷ ಕೈ ಸುಟ್ಟುಕೊಂಡರೂ ಬಿಟ್ಟವನಲ್ಲ." ಆಮೇಲೆ ಒಂದೊಂದಾಗಿ ಬಂತು. ಒಬ್ಬಟ್ಟು ಎಂದರೆ ಪ್ರಾಣ ಬಿಡುತ್ತಿದ್ದವನು ಯುಗಾದಿಯ ದಿನ ತಟ್ಟೆ ಸರಿಸಿದ್ದ. ಬೀದಿಯ ಹುಡುಗರು ಆಟಕ್ಕೆ ಕರೆದರೆ ಕಿಟಕಿಯಿಂದಲೇ ಬರುವುದಿಲ್ಲ ಎನ್ನುತ್ತಿದ್ದ. ಸಂಜೆ ಗೇಟಿನ ಬಳಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಇದು ಯಾರಿಗೂ ತೊಂದರೆ ಕೊಡದ ವರ್ತನೆಯಾದ್ದರಿಂದ ಯಾವ ಚೀಟಿಯಲ್ಲೂ ಬಂದಿರಲಿಲ್ಲ. ಗಲಾಟೆ ಮಗುವನ್ನು ಆಸ್ಪತ್ರೆಯವರೆಗೆ ತರುತ್ತದೆ. ಮೌನ ಮನೆಯಲ್ಲೇ ಉಳಿದುಬಿಡುತ್ತದೆ.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋನ್ ಲೂಬಿ ಮೂರು ವರ್ಷದ ಮಕ್ಕಳಲ್ಲೂ ಖಿನ್ನತೆಯನ್ನು ಗುರುತಿಸಬಹುದು ಎಂದು ತೋರಿಸಿದವರಲ್ಲಿ ಮುಖ್ಯರು. ಅವರ ಕೆಲಸದಲ್ಲಿ ಮತ್ತೆ ಮತ್ತೆ ಬರುವ ಮಾತೆಂದರೆ, ಆಟದಲ್ಲಿ ಸಂತೋಷ ಇಲ್ಲವಾಗುವುದು ಚಿಕ್ಕ ಮಗುವಿನ ಮಟ್ಟಿಗೆ ದೊಡ್ಡ ಸೂಚನೆ. ದುಃಖದ ಬದಲು ಕಿರಿಕಿರಿಯನ್ನು ಮಕ್ಕಳ ಖಿನ್ನತೆಯ ಲಕ್ಷಣವಾಗಿ ಡಿಎಸ್‌ಎಂ ಕೂಡ ಒಪ್ಪುತ್ತದೆ. ಆದರೆ ಅಜ್ಜಿಯ ಮಾತೊಂದನ್ನೇ ನಂಬಿ ಐದು ಹೆಸರುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಚೀಟಿ ನಕಲು ಮಾಡುವುದಕ್ಕಿಂತ ಹೆಚ್ಚಿನ ಕೆಲಸವಾಗುತ್ತಿರಲಿಲ್ಲ. ಎರಡು ಕೆಲಸ ಹೇಳಿ ಕಳಿಸಿದೆವು. ಒಂದು, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನ ಮೂರು ಗುರುತು: ಸಿಟ್ಟು, ರಾತ್ರಿಯ ಕುಣಿತ, ಮೆಟ್ಟಿಲ ಮೇಲೆ ಕೂರುವುದು. ಇನ್ನೊಂದು, ಮುಂದಿನ ಸಲ ಬರುವಾಗ ಮೊಬೈಲಿನಲ್ಲಿರುವ ಹಳೆಯ ವಿಡಿಯೊಗಳು. ಸಿಟ್ಟಿನ ವಿಡಿಯೊಗಳನ್ನು ಈಗ ಎಲ್ಲ ಪೋಷಕರೂ ತರುತ್ತಾರೆ. ಅವು ಸ್ಫೋಟ ಆದ ಮೇಲೆ ಶುರುವಾಗುತ್ತವೆ. ಅದಕ್ಕೆ ಹತ್ತು ನಿಮಿಷ ಮೊದಲು ಏನಾಯಿತು ಎಂಬುದು ಅವುಗಳಲ್ಲಿ ಇರುವುದಿಲ್ಲ. ನನಗೆ ಬೇಕಿದ್ದದ್ದು ಒಂದೂವರೆ ವರ್ಷ ಹಿಂದಿನ ಹುಡುಗ.

ವಿಡಿಯೊದಲ್ಲಿದ್ದ ಮನುಷ್ಯ

ನಾಲ್ಕನೆಯ ಹುಟ್ಟುಹಬ್ಬದ ವಿಡಿಯೊದಲ್ಲಿ ಸುಮಂತ ಒಬ್ಬ ಯುವಕನ ಹೆಗಲ ಮೇಲೆ ಕುಳಿತು ಬಲೂನು ಒಡೆಯುತ್ತಿದ್ದ. ಗಣಪತಿ ಬಿಡುವ ವಿಡಿಯೊದಲ್ಲೂ ಅದೇ ಹೆಗಲು. ಅಂಗಳದ ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡುತ್ತಿದ್ದವನೂ ಅವನೇ. ಯಾರಿವರು ಎಂದು ಕೇಳಿದಾಗ ತಂದೆ ಪರದೆಯಿಂದ ಕಣ್ಣೆತ್ತದೆ "ಅವನೇ ನನ್ನ ತಮ್ಮ" ಎಂದರು. ಅದಕ್ಕಿಂತ ಈಚಿನ ಯಾವ ವಿಡಿಯೊದಲ್ಲೂ ಆ ಯುವಕ ಇರಲಿಲ್ಲ.

ಚಿಕ್ಕಪ್ಪನ ಹೆಸರು ಅಲ್ಲಿಯವರೆಗೆ ನಮ್ಮ ಕಡತದಲ್ಲಿ ಇದ್ದದ್ದು ಅನುವಂಶೀಯತೆಯ ಕಾಲಂನಲ್ಲಿ ಮಾತ್ರ. ಅವನು ಅದೇ ಮನೆಯಲ್ಲಿದ್ದ, ಹುಡುಗ ಹುಟ್ಟಿದಾಗಿನಿಂದ ರಾತ್ರಿ ಮಲಗುತ್ತಿದ್ದದ್ದು ಅವನ ಪಕ್ಕದಲ್ಲಿ ಎಂಬುದನ್ನು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಅವನಿಗೆ ಉನ್ಮಾದ ಮರುಕಳಿಸಿತ್ತು. ಹಾಡು, ಭಾಷಣ, ಚುನಾವಣೆಗೆ ನಿಲ್ಲುತ್ತೇನೆಂಬ ಮಾತು, ನಿದ್ದೆಯಿಲ್ಲದ ರಾತ್ರಿಗಳು. ಕೊನೆಗೊಂದು ರಾತ್ರಿ ನಾಲ್ವರು ನೆಂಟರು ಸೇರಿ ಟವೆಲಿನಿಂದ ಕೈ ಕಟ್ಟಿ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಸಾಗಿಸಿದ್ದರು. (ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ. ನಡುರಾತ್ರಿ ಹಳ್ಳಿಯ, ಪಟ್ಟಣದ ಮನೆಗಳಲ್ಲಿ ಟವೆಲು ಹಿಡಿದು ನಿಂತ ಅಣ್ಣಂದಿರಿಗೆ ಯಾವ ಆಂಬುಲೆನ್ಸು ಬರುತ್ತದೆ ಎಂಬುದು ಬೇರೆ ಪ್ರಶ್ನೆ.) ಹುಡುಗ ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದ. ಬೆಳಗ್ಗೆ ಅವನಿಗೆ ಹೇಳಿದ್ದು, ಚಿಕ್ಕಪ್ಪ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ ಎಂದು. ಗುಣವಾದ ಮೇಲೆ ಚಿಕ್ಕಪ್ಪನನ್ನು ಅಕ್ಕನ ಊರಿನಲ್ಲಿ ಇರಿಸಿದ್ದರು. ಮನೆಯಲ್ಲಿ ಅವನ ಹೆಸರೆತ್ತುವುದು ನಿಂತಿತ್ತು.

ಹೀಗಾಗಿ ಸೋಫಾದ ಮೇಲಿನ ಭಾಷಣವನ್ನು ಹೊಸದಾಗಿ ಓದಬೇಕಾಯಿತು. ಐದು ವರ್ಷದ ಹುಡುಗ ತಾನೇ ಕಲ್ಪಿಸಿಕೊಂಡರೆ ಹುಲಿಯಾಗುತ್ತಾನೆ, ಪೊಲೀಸಾಗುತ್ತಾನೆ. ಬಡವರಿಗೆ ಮನೆ ಕಟ್ಟಿಸಿಕೊಡುವ ಎಮ್ಮೆಲ್ಲೆಯಾಗುವುದಿಲ್ಲ. ಅದು ಚಿಕ್ಕಪ್ಪನ ಭಾಷಣ, ಪದಪದವೂ. ನಿದ್ದೆಯ ವಿಷಯದಲ್ಲೂ ಒಂದು ಚಿಕ್ಕ ವಿವರ ತಕ್ಕಡಿಯನ್ನು ಬಾಗಿಸಿತು. ಉನ್ಮಾದದಲ್ಲಿ ನಿದ್ದೆಯ ಅಗತ್ಯವೇ ಕಡಿಮೆಯಾಗುತ್ತದೆ. ಮೂರು ಗಂಟೆ ಮಲಗಿದವನು ಬೆಳಗ್ಗೆ ಹುರುಪಿನಿಂದಿರುತ್ತಾನೆ. ಸುಮಂತ ಅಂಥ ರಾತ್ರಿಗಳ ಮರುದಿನ ಶಾಲೆಯ ವ್ಯಾನಿನಲ್ಲಿ ನಿದ್ದೆ ಹೋಗುತ್ತಿದ್ದ, ಎಬ್ಬಿಸಿದರೆ ಅಳುತ್ತಿದ್ದ. ಔಷಧಿ ಶುರುವಾಗುವ ಮೊದಲೂ ಹೀಗೇ ಇತ್ತು ಎಂದು ಹೇಳಿದ್ದು ವ್ಯಾನಿನ ಆಯಾ.

ಕ್ಯಾಲೆಂಡರಿನಲ್ಲಿ ಇನ್ನೊಂದು ಕಂಡಿತು. ಸಿಟ್ಟಿನ ಗುರುತುಗಳು ತಿಂಗಳಿಗೊಮ್ಮೆ ಗುಂಪುಗೂಡುತ್ತಿದ್ದವು. ಮೇಲ್ನೋಟಕ್ಕೆ ಬಿಡಿಬಿಡಿ ಅವಧಿಗಳು, ಅಂದರೆ ಬೈಪೋಲಾರ್‌ನ ಪರವಾದ ಸಾಕ್ಷಿ. ಆದರೆ ಆ ಪ್ರತಿಯೊಂದು ಗುಂಪಿನ ಒಳಗೂ ಎರಡನೇ ಶನಿವಾರವಿತ್ತು, ತಂದೆ ತಮ್ಮನಿಗೆ ಮಾತ್ರೆ ಕೊಂಡೊಯ್ಯುವ ದಿನ. ಹಿಂದಿನ ದಿನ ಅಡುಗೆಮನೆಯಲ್ಲಿ ಪಿಸುಮಾತು, ಡಬ್ಬಿಗೆ ಉಪ್ಪಿನಕಾಯಿ ತುಂಬುವುದು, ಎಲ್ಲಿಗೆ ಎಂದು ಹುಡುಗ ಕೇಳಿದರೆ ಅಂಗಡಿ ಕೆಲಸಕ್ಕೆ ಎಂಬ ಉತ್ತರ. ಎಲ್ಲವೂ ಈ ಲೆಕ್ಕಕ್ಕೆ ಕೂಡಿಬರಲಿಲ್ಲ; ಒಂದು ಕೆಟ್ಟ ವಾರಕ್ಕೆ ನಮಗೆ ಇವತ್ತಿಗೂ ಕಾರಣ ತಿಳಿದಿಲ್ಲ.

ಆಟದ ಕೋಣೆ

ನಮ್ಮ ಮನಶ್ಶಾಸ್ತ್ರಜ್ಞೆ ಅವನೊಂದಿಗೆ ವಾರಕ್ಕೊಮ್ಮೆ ಕೂರತೊಡಗಿದರು. ಗೊಂಬೆಗಳಲ್ಲಿ ಅವನು ಪ್ರತಿ ಸಲ ಎತ್ತಿಕೊಳ್ಳುತ್ತಿದ್ದದ್ದು ಕರಡಿಯನ್ನು. ಉಲ್ಲನ್ ದಾರದಿಂದ ಅದರ ಮುಂಗಾಲುಗಳನ್ನು ಸುತ್ತಿ, ಗಂಟು ಹಾಕಲು ಬಾರದೆ ಹಲ್ಲಿನಿಂದ ಎಳೆದು, ಲಾರಿಯ ಹಿಂಭಾಗಕ್ಕೆ ತುರುಕಿ, ಲಾರಿಯನ್ನು ಮೇಜಿನ ಕೆಳಗೆ ತಳ್ಳುತ್ತಿದ್ದ. ಮತ್ತೆ ಹೊರಗೆಳೆದು ಮೊದಲಿನಿಂದ. ನಗು ಇಲ್ಲ, ಅಳು ಇಲ್ಲ. ಪಕ್ಕದಲ್ಲಿ ಒಂದು ಮೊಲವನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದ. ಮೊಲ ಏಕೆ ಆ ಕಡೆ ತಿರುಗಿದೆ ಎಂದು ಕೇಳಿದರೆ "ಅದು ಹೇಳಿಕೊಟ್ಟಿತು" ಎಂದು ಆಟ ನಿಲ್ಲಿಸಿ ಅಮ್ಮನ ಬಳಿ ಹೋದ.

ಏನು ಹೇಳಿಕೊಟ್ಟಿತು ಎಂಬುದು ತಿಳಿಯಲು ಕೆಲವು ವಾರ ಬೇಕಾಯಿತು. ಆ ದಿನಗಳಲ್ಲಿ ಚಿಕ್ಕಪ್ಪ ನಡುರಾತ್ರಿ ಅವನನ್ನು ಎಬ್ಬಿಸಿ ತಾರಸಿಗೆ ಕರೆದೊಯ್ದಿದ್ದ. ಬೆಳಗ್ಗೆ ಹುಡುಗ ಅದನ್ನು ಅಜ್ಜಿಗೆ ಹೇಳಿದ್ದ. ಅವತ್ತೇ ರಾತ್ರಿ ನಾಲ್ವರು ಬಂದಿದ್ದರು. ಅವನ ಲೆಕ್ಕ ನೇರವಾಗಿತ್ತು: ನಾನು ಹೇಳಿದೆ, ಅದಕ್ಕೇ ಕಟ್ಟಿಕೊಂಡು ಹೋದರು. ಹೇಳುವುದೇ ಅಪಾಯ ಎಂದು ತಿಳಿದ ಮಗು ವೈದ್ಯರ ಪ್ರಶ್ನೆಗಳಿಗೆ ಉತ್ತರಿಸದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿಂದಿನ ಕಡತದಲ್ಲಿ ಅದು "ಸಹಕರಿಸುವುದಿಲ್ಲ" ಎಂದು ದಾಖಲಾಗಿತ್ತು.

ಇಲ್ಲಿ ತಂಡ ಎರಡಾಯಿತು. ಮನಶ್ಶಾಸ್ತ್ರಜ್ಞೆಯ ಪ್ರಕಾರ ಇದು ಆಘಾತೋತ್ತರ ಒತ್ತಡದ ಕಾಯಿಲೆ. ಇದೇ ಆ ಐದನೆಯ ಹೆಸರು. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ ಡಿಎಸ್‌ಎಂ-5 ಇದರ ಪ್ರತ್ಯೇಕ ಮಾನದಂಡ ಕೊಟ್ಟಿದೆ, ಆಟದಲ್ಲಿ ಘಟನೆಯನ್ನು ಮತ್ತೆ ಮತ್ತೆ ನಡೆಸುವುದು ಅದರಲ್ಲಿ ಸೇರಿದೆ. ಕಂಡದ್ದು ಅಷ್ಟು ಗಂಭೀರ ಘಟನೆಯೇ, ಪ್ರಾಣಭಯವಿತ್ತೇ ಎಂಬುದು ನನ್ನ ಆಕ್ಷೇಪ. ನನ್ನ ಒಲವು ಖಿನ್ನತೆಯ ಕಡೆಗಿತ್ತು: ಸಂತೋಷವಿಲ್ಲದಿರುವುದು, ತಪ್ಪಿತಸ್ಥ ಭಾವ, ಹಸಿವು ಕುಗ್ಗಿದ್ದು, ಇವೆಲ್ಲ ಔಷಧಿಗೂ ಮೊದಲಿನಿಂದ ಇದ್ದವು. ಡಿಎಂಡಿಡಿಯನ್ನು ಇಬ್ಬರೂ ಕೈಬಿಟ್ಟೆವು. ವಯಸ್ಸು ಸಾಲದು ಎಂಬುದಕ್ಕಿಂತ, ನಡುವಿನ ಹೊತ್ತಿನಲ್ಲಿ ಅವನು ಸಿಟ್ಟಾಗಿರುತ್ತಿರಲಿಲ್ಲ, ಆರಿಹೋಗಿರುತ್ತಿದ್ದ. ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: ಚಿಕ್ಕಪ್ಪನ ಅನುಕರಣೆ ಎಂದು ಗೊತ್ತಾದ ಮಾತ್ರಕ್ಕೆ ಚಿಕ್ಕಪ್ಪನ ಜೀನ್‌ಗಳು ಇಲ್ಲವಾದವೇ? ಇಲ್ಲ. ಒಬ್ಬನೇ ಮನುಷ್ಯ ಈ ಮಗುವಿಗೆ ನೆನಪಾಗಿಯೂ ರಕ್ತವಾಗಿಯೂ ಬಂದಿದ್ದ. ಒಂದರ ಪುರಾವೆ ಇನ್ನೊಂದನ್ನು ಅಳಿಸುವುದಿಲ್ಲ. ಮುಂದೆ ಬೈಪೋಲಾರ್ ಆಗುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಮೊದಲು ಬರುವುದು ಖಿನ್ನತೆಯೇ. ಆ ದಿನ ನಾವು ಕಡತದಲ್ಲಿ ಬರೆದದ್ದು: ಬಾಲ್ಯದ ಖಿನ್ನತೆ, ಆಘಾತದ ಹಿನ್ನೆಲೆಯೊಂದಿಗೆ, ಉನ್ಮಾದಕ್ಕೆ ಈಗ ಪುರಾವೆ ಇಲ್ಲ, ಕುಟುಂಬದ ಇತಿಹಾಸದ ಕಾರಣ ಪ್ರತಿ ಆರು ತಿಂಗಳಿಗೆ ಮರುಪರಿಶೀಲನೆ.

ಏನು ಮಾಡಿದೆವು

ಫಿಟ್ಸ್ ಇಲ್ಲದ್ದರಿಂದ ವಾಲ್ಪ್ರೊಯೇಟನ್ನು ಮೊದಲು, ವಾರಗಳ ಮೇಲೆ ಇಳಿಸಿದೆವು. ರಿಸ್ಪೆರಿಡೋನನ್ನು ಉಳಿಸಿಕೊಂಡೆವು. ಕಚ್ಚುವುದು ಮರುಕಳಿಸಿದರೆ ಮನೆಯವರು ಧೈರ್ಯ ಕಳೆದುಕೊಳ್ಳುತ್ತಾರೆ, ಧೈರ್ಯ ಕಳೆದುಕೊಂಡ ಮನೆಯಲ್ಲಿ ಬೇರೆ ಯಾವ ಚಿಕಿತ್ಸೆಯೂ ನಡೆಯುವುದಿಲ್ಲ. ಎರಡನ್ನೂ ಒಮ್ಮೆಗೇ ಬದಲಿಸದಿರುವುದು ಇಂಥ ಕಡೆ ನಾನು ಬಿಡದ ನಿಯಮ. ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಖಿನ್ನತೆಗೆ ಮಾತ್ರೆ ಕೊಡಲಿಲ್ಲ. ಈ ವಯಸ್ಸಿನಲ್ಲಿ ಅವುಗಳ ಪ್ರಯೋಜನಕ್ಕೆ ಪುರಾವೆ ತೀರಾ ತೆಳು. ಮೇಲಾಗಿ ಬೈಪೋಲಾರ್ ಇತಿಹಾಸವಿರುವ ಕುಟುಂಬದಲ್ಲಿ ಅವೇ ಚಡಪಡಿಕೆ ತಂದರೆ ಮತ್ತೆ ಹಳೆಯ ಗೊಂದಲವೇ. ಲೂಬಿಯವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರರಿಂದ ಆರು ವರ್ಷದ ಮಕ್ಕಳ ತಂದೆ-ತಾಯಿಗೇ ತರಬೇತಿ ಕೊಟ್ಟು 18 ವಾರ ನಡೆಸಿದ ಚಿಕಿತ್ಸೆ ಒಳ್ಳೆಯ ಫಲ ಕೊಟ್ಟಿತ್ತು. ಅದರ ಪೂರ್ಣ ತರಬೇತಿ ನಮ್ಮಲ್ಲಿ ಇರಲಿಲ್ಲ. ತಿರುಳನ್ನು ತೆಗೆದುಕೊಂಡೆವು: ದಿನಕ್ಕೆ ಸ್ವಲ್ಪ ಹೊತ್ತು ಮಗು ಹೇಳಿದಂತೆ ಆಡುವುದು, ಸಿಟ್ಟು ಬಂದಾಗ ಬುದ್ಧಿ ಹೇಳುವ ಮೊದಲು ಆ ಸಿಟ್ಟಿಗೆ ಹೆಸರಿಡುವುದು, ಇಳಿಯುವವರೆಗೆ ಪಕ್ಕದಲ್ಲಿರುವುದು.

ಕಷ್ಟವಾದದ್ದು ಸತ್ಯ ಹೇಳುವುದು. ಅಷ್ಟು ಚಿಕ್ಕ ಮಗುವಿಗೆ ಹುಚ್ಚಿನ ವಿಷಯ ಹೇಳಬಾರದು ಎಂದು ಅಜ್ಜಿ, ಶಾಲೆಯಲ್ಲಿ ಬಾಯಿಬಿಟ್ಟರೆ ಏನು ಗತಿ ಎಂದು ತಂದೆ. ಎರಡು ಭೇಟಿಗಳು ಈ ಜಗಳದಲ್ಲೇ ಹೋದವು. ಬಿಡಿಸಿದವನು ಚಿಕ್ಕಪ್ಪನೇ. ಮಾತ್ರೆ ಕೊಡಲು ಹೋದ ಅಣ್ಣನಿಂದ ವಿಷಯ ತಿಳಿದು, ತಾನೇ ಫೋನ್ ಮಾಡಿ "ನಾನು ಬಂದು ಹೇಳುತ್ತೇನೆ, ಅಣ್ಣ ಬೇಡವೆಂದರೂ ಬರುತ್ತೇನೆ" ಎಂದ. ಅವನ ವೈದ್ಯರೊಂದಿಗೆ ಮಾತನಾಡಿ, ಅವನು ಸ್ಥಿರವಾಗಿದ್ದಾನೆ ಎಂದು ಖಚಿತಪಡಿಸಿಕೊಂಡು, ನಮ್ಮ ಆಟದ ಕೋಣೆಯಲ್ಲೇ ಭೇಟಿ ಏರ್ಪಡಿಸಿದೆವು. ಸುಮಂತ ಮೊದಲ ಹತ್ತು ನಿಮಿಷ ಅಜ್ಜಿಯ ಸೆರಗಿನ ಹಿಂದೆ ಇದ್ದ. ಚಿಕ್ಕಪ್ಪ ನೆಲದ ಮೇಲೆ ಕುಳಿತು ಹೇಳಿದ: "ನನಗೆ ತಲೆಯೊಳಗೆ ಒಂದು ಕಾಯಿಲೆ ಇತ್ತು ಪುಟ್ಟ. ನಿದ್ದೆ ಬರುತ್ತಿರಲಿಲ್ಲ. ನೀನು ಅಜ್ಜಿಗೆ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನನಗೆ ಔಷಧಿ ಸಿಗುತ್ತಿರಲಿಲ್ಲ." ಹುಡುಗ ಕೇಳಿದ್ದು ಒಂದೇ: "ಕೈ ನೋವಾಯಿತಾ?" ಚಿಕ್ಕಪ್ಪ ಹೌದು ಎಂದ. ಇಲ್ಲ ಎನ್ನಬಹುದಿತ್ತು, ಅವನು ಹಾಗೆ ಹೇಳದಿದ್ದದ್ದು ನನ್ನ ಮಟ್ಟಿಗೆ ಆ ಕೋಣೆಯಲ್ಲಿ ನಡೆದ ಅತ್ಯುತ್ತಮ ಚಿಕಿತ್ಸೆ.

ಏನಾಯಿತು

ಪವಾಡವೇನೂ ಆಗಲಿಲ್ಲ. ಭೇಟಿಯ ಮರುವಾರ ಸಿಟ್ಟು ಹೆಚ್ಚಾಯಿತು. ತಂದೆ ಫೋನಿನಲ್ಲೇ ನಮ್ಮನ್ನು ತರಾಟೆಗೆ ತೆಗೆದುಕೊಂಡರು. ರಾತ್ರಿಯ ಭಾಷಣ ಮಾತ್ರ ಕೆಲವೇ ವಾರಗಳಲ್ಲಿ ನಿಂತಿತು. ಎರಡನೇ ಶನಿವಾರ ಹುಡುಗನೂ ತಂದೆಯೊಂದಿಗೆ ಹೋಗತೊಡಗಿದ. ಆರು ತಿಂಗಳ ಹೊತ್ತಿಗೆ ಸ್ಫೋಟಗಳು ವಾರಕ್ಕೆ ಒಂದಕ್ಕೆ ಇಳಿದಿದ್ದವು, ರಿಸ್ಪೆರಿಡೋನ್ ನಿಂತಿತ್ತು, ತೂಕ ಹತೋಟಿಗೆ ಬಂದಿತ್ತು. ತರಗತಿಯ ತೂಕಡಿಕೆ ಹೋದ ಮೇಲೆ ಶಾಲೆಯವರ ಎಡಿಎಚ್‌ಡಿ ಅನುಮಾನವೂ ತಾನಾಗಿ ಹೋಯಿತು. ಒಂದನೇ ತರಗತಿಯ ಶುರುವಿನಲ್ಲಿ ಮಾತ್ರ ಅವನು ಮತ್ತೆ ಕುಗ್ಗಿದ, ಊಟ ಬಿಟ್ಟ. ಈ ಬಾರಿ ತಾಯಿ ಸಿಟ್ಟಿಗೆ ಕಾಯದೆ, ಮೆಟ್ಟಿಲ ಮೇಲೆ ಕೂರುವುದು ಹೆಚ್ಚಾಗಿದೆ ಎಂದು ಕರೆತಂದರು.

ಈ ಪ್ರಕರಣವನ್ನು ವಿದ್ಯಾರ್ಥಿಗಳ ಮುಂದಿಟ್ಟಾಗ ಅವರು ಚಿಕ್ಕಪ್ಪನ ವಿಡಿಯೊವನ್ನು ಪತ್ತೇದಾರಿ ಕಥೆಯ ಕೊನೆಯ ಪುಟದಂತೆ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಅದು ಅಷ್ಟು ಇಷ್ಟವಾಗುವುದಿಲ್ಲ. ಎಲ್ಲ ಮಕ್ಕಳ ಹಿಂದೆಯೂ ಗುಟ್ಟಿನ ಚಿಕ್ಕಪ್ಪ ಇರುವುದಿಲ್ಲ. ಇಲ್ಲದ ಘಟನೆಯನ್ನು ಹುಡುಕಿ ತಂದೆ-ತಾಯಿಯನ್ನು ಕಟಕಟೆಗೆ ಹತ್ತಿಸುವ ವೈದ್ಯರೂ ಇದ್ದಾರೆ. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಅದಕ್ಕಿಂತ ನೀರಸವಾದ ಸಂಗತಿಗಳನ್ನು. ಮಾಹಿತಿ ಕೊಟ್ಟವರು ತಾಯಿ, ತಂದೆ, ಶಾಲೆ ಮಾತ್ರವಲ್ಲ, ಅಜ್ಜಿ ಮತ್ತು ವ್ಯಾನಿನ ಆಯಾ ಕೂಡ. ಒಬ್ಬೊಬ್ಬರು ಕಂಡದ್ದು ಬೇರೆ ಬೇರೆ ಹುಡುಗನನ್ನು. ಕುಟುಂಬದ ಇತಿಹಾಸದ ಕಾಲಂನಲ್ಲಿ ಕಾಯಿಲೆಯ ಹೆಸರು ಬರೆದುಕೊಂಡ ಮೇಲೆ, ಆ ವ್ಯಕ್ತಿ ಮಗುವಿಗೆ ಏನಾಗಬೇಕು, ಎಲ್ಲಿ ಮಲಗುತ್ತಾನೆ ಎಂದು ಇನ್ನೊಂದು ಸಾಲು ಕೇಳಿದರೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆ ಎರಡು ನಿಮಿಷವೇ ಇಲ್ಲ ಎನ್ನುವವರ ಮಾತೂ ನಿಜ. ನಮ್ಮ ದೇಶದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13 ವರ್ಷಕ್ಕಿಂತ ಚಿಕ್ಕವರನ್ನು ಎಣಿಸಿಯೇ ಇಲ್ಲ; ಯುಕೆಜಿ ಮಕ್ಕಳ ಖಿನ್ನತೆ ಯಾವ ಆದ್ಯತೆಯಲ್ಲಿದೆ ಎಂದು ಅದರಿಂದಲೇ ಊಹಿಸಬಹುದು.

ಸುಮಂತನಿಗೆ ಈಗ ಎಂಟು ದಾಟಿದೆ. ಖಿನ್ನತೆಯ ಲಕ್ಷಣಗಳು ಸದ್ಯಕ್ಕಿಲ್ಲ, ಆತಂಕ ಇದೆ: ತಂದೆ ಅಂಗಡಿಯಿಂದ ಬರುವುದು ತಡವಾದರೆ ಫೋನ್ ಮಾಡಿಸುತ್ತಾನೆ, ಶಾಲಾ ಪ್ರವಾಸಕ್ಕೆ ಹೋಗಲಿಲ್ಲ. ಅದಕ್ಕೆ ಚಿಕಿತ್ಸೆ ನಡೆಯುತ್ತಿದೆ. ಅವನಿಗೆ ಬೈಪೋಲಾರ್ ಬರುವುದಿಲ್ಲ ಎಂದು ಬರೆದುಕೊಡಿ ಎಂದು ತಂದೆ ಕಳೆದ ಭೇಟಿಯಲ್ಲೂ ಕೇಳಿದರು. ಬರೆದುಕೊಡಲಿಲ್ಲ. ಬದಲಿಗೆ ಏನನ್ನು ನೋಡಿಕೊಂಡಿರಬೇಕು ಎಂದು ಮತ್ತೊಮ್ಮೆ ಹೇಳಿದೆವು: ಹದಿಹರೆಯದ ಹೊತ್ತಿಗೆ ಕೆಲವೇ ಗಂಟೆ ಮಲಗಿಯೂ ದಣಿವೇ ಇಲ್ಲದಂತೆ ಸತತ ನಾಲ್ಕು ದಿನ ಕಳೆದರೆ, ಅದರ ಜೊತೆ ಮಾತಿನ ವೇಗ, ಖರ್ಚು, ಧೈರ್ಯ ಅವನದಲ್ಲ ಎನ್ನುವಷ್ಟು ಏರಿದರೆ, ಮುಂದಿನ ಸರದಿಗೆ ಕಾಯದೆ ಬರಬೇಕು. ಆ ಹಾಳೆಯ ಒಂದು ಪ್ರತಿಯನ್ನು ಚಿಕ್ಕಪ್ಪನೂ ಕೇಳಿ ತೆಗೆದುಕೊಂಡ. ಮನೆಯಲ್ಲಿ ಬೇರೆ ಯಾರಿಗಿಂತಲೂ ಮೊದಲು ಅದನ್ನು ಗುರುತಿಸಬಲ್ಲವನು ತಾನು ಎಂದ.